ದೋಣಿಗೆ ಯಾವ ಟಾಯ್ಲೆಟ್? ಮೊದಲು ಖಾಲಿ ಮಾಡುವ ದಿನದ ಬಗ್ಗೆ ಯೋಚಿಸಿ

ದೋಣಿಗೆ ಟಾಯ್ಲೆಟ್ ಆರಿಸಲು ಹೊರಟವರು ಮೊದಲು ನೋಡುವುದು ಬೇಸಿನ್ನು ಪಿಂಗಾಣಿಯದೋ ಪ್ಲಾಸ್ಟಿಕ್ಕಿನದೋ, ಸೀಟು ಎಷ್ಟು ಅಗಲ, ಗುಂಡಿ ಒತ್ತಿದರೆ ಸಾಕೋ ಇಲ್ಲಾ ಕೈಯಲ್ಲಿ ಪಂಪ್ ಹೊಡೆಯಬೇಕೋ, ಇಷ್ಟನ್ನೇ. ಅದೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ಬೇರೆ ಇದೆ. ತುಂಬಿದ ಮೇಲೆ ಅದನ್ನು ಯಾರು, ಎಲ್ಲಿ, ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡುತ್ತಾರೆ? ಮನೆಯಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ನೀರು ಬಿಟ್ಟರೆ ಎಲ್ಲಿಗೋ ಹೋಗುತ್ತದೆ. ದೋಣಿಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ನೀವು ಮಲಗುವ ಹಲಗೆಯ ಕೆಳಗೇ ಇರುತ್ತದೆ.

ಆಯ್ಕೆಗಳು ಮುಖ್ಯವಾಗಿ ನಾಲ್ಕು. ಒಂದು, ಕೈಯಲ್ಲಿ ಎತ್ತಿಕೊಂಡು ಹೋಗಿ ಸುರಿಯುವ ಕ್ಯಾಸೆಟ್. ಎರಡು, ದೋಣಿಯೊಳಗೇ ಕೂರಿಸಿದ ದೊಡ್ಡ ಟ್ಯಾಂಕು, ಅದನ್ನು ದಡದಿಂದ ಪಂಪ್ ಹಾಕಿ ಹೀರಿಸಬೇಕು. ಮೂರು, ಮಲ ಮೂತ್ರ ಬೇರೆ ಬೇರೆಯಾಗಿ ಬೀಳುವ ಒಣ ಟಾಯ್ಲೆಟ್. ಇದಕ್ಕೆ ಕಾಂಪೋಸ್ಟ್ ಟಾಯ್ಲೆಟ್ ಅನ್ನುತ್ತಾರೆ. ನಾಲ್ಕು, ನೇರವಾಗಿ ಸಮುದ್ರಕ್ಕೆ ಬಿಡುವುದು. ಸುಟ್ಟು ಬೂದಿ ಮಾಡುವ ಯಂತ್ರಗಳೂ ಇವೆ. ಆದರೆ ಅವಕ್ಕೆ ಗ್ಯಾಸೋ ಕರೆಂಟೋ ಜಾಸ್ತಿ ಬೇಕು, ಸಣ್ಣ ದೋಣಿಗೆ ಆಗಿಬರುವುದಿಲ್ಲ, ಹಾಗಾಗಿ ಅವನ್ನು ಇಲ್ಲಿಗೇ ಬಿಡುತ್ತೇನೆ.

ಮೊದಲು ಸ್ವಲ್ಪ ಲೆಕ್ಕ

ಒಬ್ಬರಿಗೆ ದಿನಕ್ಕೆ ಮೂತ್ರ ಸುಮಾರು ಒಂದೂವರೆ ಲೀಟರ್. ಮಲ ಕಾಲು ಕೆಜಿಯ ಒಳಗೇ ಇರುತ್ತದೆ. ಅಂದರೆ ಇಬ್ಬರಿಂದ ದಿನಕ್ಕೆ ಮೂರೂವರೆ ಲೀಟರ್ ಆಗಬಹುದು. ಇದೇನು ಮಹಾ ಅಲ್ಲ, ಅಲ್ವಾ? ಟ್ಯಾಂಕು ತುಂಬಿಸುವುದು ಇದಲ್ಲ, ಫ್ಲಶ್ ನೀರು. ಕೈಪಂಪಿನ ಟಾಯ್ಲೆಟ್ಟಿನಲ್ಲಿ ಒಂದು ಸಲಕ್ಕೆ ಎರಡರಿಂದ ಮೂರು ಲೀಟರ್ ಆರಾಮಾಗಿ ಹೋಗುತ್ತದೆ. ಇಬ್ಬರು ತಲಾ ಐದು ಸಲ ಹೋದರೆ ಇಪ್ಪತ್ತೈದು ಲೀಟರ್. 60 ಲೀಟರಿನ ಟ್ಯಾಂಕು ಎರಡೇ ದಿನಕ್ಕೆ ತುಂಬಿತು ಅಂತಲೇ ಲೆಕ್ಕ. ಅದೇ ಇಬ್ಬರು ಗಾಳಿಯ ಎಳೆತದಿಂದ ಹೀರಿಕೊಂಡು ಅರ್ಧ ಲೀಟರಿನಲ್ಲಿ ಫ್ಲಶ್ ಆಗುವ ವ್ಯಾಕ್ಯೂಮ್ ಟಾಯ್ಲೆಟ್ ಬಳಸಿದರೆ ದಿನಕ್ಕೆ ಎಂಟು ಒಂಬತ್ತು ಲೀಟರಿನಲ್ಲಿ ಮುಗಿಯುತ್ತದೆ, ಅದೇ ಟ್ಯಾಂಕು ವಾರದ ಹತ್ತಿರ ಬರುತ್ತದೆ. ಆದ್ದರಿಂದ "ಎಷ್ಟು ಲೀಟರಿನ ಟ್ಯಾಂಕು" ಅಂತ ಮಾತ್ರ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಬೇಸಿನ್ನು ಎಷ್ಟು ನೀರು ಕುಡಿಯುತ್ತದೆ ಹೇಳಿ, ಆಮೇಲೆ ಟ್ಯಾಂಕಿನ ಮಾತಾಡೋಣ.

ಕಾಗದದ ಬದಲು ನೀರಿನಲ್ಲಿ ತೊಳೆದುಕೊಳ್ಳುವವರು ಆ ನೀರನ್ನೂ ಲೆಕ್ಕಕ್ಕೆ ಸೇರಿಸಬೇಕು. ಕ್ಯಾಸೆಟ್‌ಗೂ ಟ್ಯಾಂಕಿಗೂ ಅದರಿಂದ ತೊಂದರೆಯಿಲ್ಲ, ಬೇಗ ತುಂಬುತ್ತದೆ ಅಷ್ಟೇ. ಒಣ ಟಾಯ್ಲೆಟ್ಟಿನಲ್ಲಿ ಮಾತ್ರ ಇದು ದೊಡ್ಡ ತಲೆನೋವು. ಅದನ್ನು ಮುಂದೆ ಹೇಳುತ್ತೇನೆ.

ಕ್ಯಾಸೆಟ್

ಸೀಟಿನ ಕೆಳಗೆ ಸುಮಾರು 17ರಿಂದ 20 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ. ತುಂಬಿದ ಮೇಲೆ ಹೊರಗೆಳೆದು, ಹಿಡಿಕೆ ಹಿಡಿದು, ಖಾಲಿ ಮಾಡುವ ಜಾಗಕ್ಕೆ ಒಯ್ದು ಸುರಿಯುವುದು. ಥೆಟ್‌ಫೋರ್ಡ್ ಮತ್ತು ಡೊಮೆಟಿಕ್ ಕಂಪನಿಗಳ ಹೆಸರು ಈ ಲೋಕದಲ್ಲಿ ಎಲ್ಲರಿಗೂ ಗೊತ್ತು. ಇಬ್ಬರೇ ಇದ್ದರೆ ಮೂರು ದಿನ, ಜಿಪುಣತನದಿಂದ ನೀರು ಬಳಸಿದರೆ ನಾಲ್ಕು ದಿನ ಬರುತ್ತದೆ.

ಇದರ ದೊಡ್ಡ ಗುಣ ಅಂದರೆ ಸರಳತನ. ಉದ್ದುದ್ದ ಪೈಪಿಲ್ಲ, ಹಲಗೆಯ ಹಿಂದೆ ಅಡಗಿ ಕೂತ ವಾಲ್ವಿಲ್ಲ, ದೋಣಿಯ ತಳದಲ್ಲಿ ತೂತು ಕೊರೆಯುವ ಕೆಲಸವಿಲ್ಲ. ಎರಡನೇ ಪೆಟ್ಟಿಗೆ ಒಂದನ್ನು ಕೊಂಡಿಟ್ಟುಕೊಂಡರೆ ಒಂದು ವಾರ ನಿಶ್ಚಿಂತೆ. ಪಂಪ್ ಕೆಟ್ಟಿರುವ ದಡಕ್ಕೆ ಹೋದರೂ ನಿಮಗೆ ಭಯವಿಲ್ಲ, ಏಕೆಂದರೆ ನಿಮಗೆ ಬೇಕಾದದ್ದು ಸುರಿಯಲು ಒಂದು ಗುಂಡಿ, ತೊಳೆಯಲು ಒಂದು ನಲ್ಲಿ.

ಕಷ್ಟ ಏನೆಂದರೆ ತೂಕ. ತುಂಬಿದ ಪೆಟ್ಟಿಗೆ 20 ಕೆಜಿಗಿಂತ ಜಾಸ್ತಿ ಇರುತ್ತದೆ. ಅದನ್ನು ಇಕ್ಕಟ್ಟಾದ ಮೆಟ್ಟಿಲಲ್ಲಿ ಮೇಲಕ್ಕೆತ್ತಿ, ಅಲುಗಾಡುವ ದೋಣಿಯಿಂದ ದಡಕ್ಕೆ ಕಾಲಿಟ್ಟು, ಆಮೇಲೆ ನಡೆಯಬೇಕು. ಬೆನ್ನು ನೋವಿರುವವರಿಗೆ ಇದು ಆಗದ ಕೆಲಸ. ಪೂರ್ತಿ ತುಂಬುವ ತನಕ ಕಾಯಬೇಡಿ. ಮುಕ್ಕಾಲು ಆದಾಗಲೇ ಹೊರಡಿ. ಪೆಟ್ಟಿಗೆಯಲ್ಲಿ ಕೆಂಪು ದೀಪವೋ ಗುರುತೋ ಇರುತ್ತದೆ ನಿಜ, ಆದರೆ ಒಳಗಿನ ತೇಲುಬುರುಡೆಗೆ ಕೊಳೆ ಹಿಡಿದರೆ ಅದು ಸುಳ್ಳು ಹೇಳಲು ಶುರು ಮಾಡುತ್ತದೆ.

ಸುರಿಯುವಾಗ ಒಂದು ಗುಟ್ಟು. ಪೆಟ್ಟಿಗೆಯ ಮೇಲೆ ಗಾಳಿ ಬಿಡುವ ಗುಂಡಿ ಇದೆ. ಕೊಳವೆ ಕೆಳಗೆ ಬಗ್ಗಿದ ಮೇಲೆ ಮಾತ್ರ ಅದನ್ನು ಒತ್ತಿ ಹಿಡಿಯಿರಿ. ಒತ್ತದಿದ್ದರೆ ಗಳಗಳ ಅಂತ ಸದ್ದು ಮಾಡಿ ಮೈಮೇಲೆ ಚಿಮ್ಮುತ್ತದೆ. ಬೇಗ ಒತ್ತಿದರೆ ಅಲ್ಲಿಂದಲೂ ಚಿಮ್ಮಬಹುದು. ಆಮೇಲೆ ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ.

ನಿರ್ವಹಣೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದು ರಬ್ಬರ್ ಸೀಲು, ಮೇಲಿನ ಜಾರುಬಾಗಿಲಿನ ಸುತ್ತ ಇರುವಂಥದ್ದು. ಅದು ಒಣಗಿದರೆ ಬಾಗಿಲು ಬಿಗಿಯುತ್ತದೆ, ಬಲವಂತ ಮಾಡಿದರೆ ಸೀಲು ಹರಿಯುತ್ತದೆ, ಹರಿದರೆ ನಾತ. ಸಿಲಿಕಾನ್ ಸ್ಪ್ರೇ ಹಾಕಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಸೀಲು ಅಂದರೆ ಸವೆಯುವ ವಸ್ತು, ಒಂದು ಹೆಚ್ಚಿಗೆ ಇಟ್ಟುಕೊಂಡಿರಿ.

ಇನ್ನು ಬಣ್ಣದ ದ್ರವಗಳು. ನೀಲಿಯವು ಹೆಚ್ಚಾಗಿ ಬ್ಯಾಕ್ಟೀರಿಯಾ ಕೊಂದು ವಾಸನೆ ತಡೆಯುತ್ತವೆ. ಹಸಿರು ಬಣ್ಣದವು ಕೊಳೆಯುವ ಕೆಲಸವನ್ನು ಸರಿದಾರಿಗೆ ತರುತ್ತವೆ. ಸೆಪ್ಟಿಕ್ ಟ್ಯಾಂಕಿಗೆ ಸುರಿಯಬೇಕಾದ ಕಡೆ ನೀಲಿ ಹಾಕಿದ ಕ್ಯಾಸೆಟ್ ಒಯ್ಯಬೇಡಿ, ಅಲ್ಲಿ ಕೆಲಸ ಮಾಡುತ್ತಿರುವ ಬ್ಯಾಕ್ಟೀರಿಯಾವನ್ನೂ ಅದು ಸಾಯಿಸುತ್ತದೆ.

ಒಳಗಿನ ಟ್ಯಾಂಕು, ಹೊರಗಿನ ಪಂಪು

ಬಳಸುವಾಗ ಸುಖವಾಗಿರುವುದು ಇದೇ. ಅತಿಥಿಗಳಿಗೆ ಏನೂ ಹೇಳಿಕೊಡಬೇಕಿಲ್ಲ, ಮನೆಯ ಹಾಗೆಯೇ ಇರುತ್ತದೆ. ಸಣ್ಣ ಹಾಯಿದೋಣಿಯಲ್ಲಿ 40, 50 ಲೀಟರಿನ ಟ್ಯಾಂಕು ಇರುತ್ತದೆ. ವಾಸಕ್ಕಿರುವ ಉದ್ದ ದೋಣಿಯಲ್ಲಿ ಕೆಲವು ನೂರು ಲೀಟರಿನದೂ ಇರುತ್ತದೆ. ಖಾಲಿ ಮಾಡುವ ದಿನ ದಡದ ಪಂಪಿನ ಹತ್ತಿರ ದೋಣಿ ಕಟ್ಟಿ, ಮೇಲಿನ ಮುಚ್ಚಳ ತೆಗೆದು, ಹೋಸು ಒತ್ತಿ ಹಿಡಿದು ಹೀರಿಸುವುದು. ಆ ಬಾಯಿ ಸಾಮಾನ್ಯವಾಗಿ 38 ಮಿ.ಮೀ. ಅಳತೆಯದು. ನಿಮ್ಮದು ಬೇರೆಯಾದರೆ ಅಡಾಪ್ಟರ್ ನಿಮ್ಮ ಹತ್ತಿರವೇ ಇರಲಿ, ದಡದಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಇನ್ನೊಂದು ಮಾತು: ಕುಡಿಯುವ ನೀರು ತುಂಬಿಸುವ ಮುಚ್ಚಳ, ಡೀಸೆಲ್ ಮುಚ್ಚಳ, ಇದು, ಮೂರೂ ನೋಡಲು ಒಂದೇ ಥರ ಇರುತ್ತವೆ. ದೊಡ್ಡದಾಗಿ ಬರೆದಿಡಿ.

ಹೀರಿಸುವ ಮುಂಚೆ ಒಂದನ್ನು ನೋಡಲೇಬೇಕು. ಟ್ಯಾಂಕಿಗೆ ಗಾಳಿ ಬರುವ ಪೈಪು ತೆರೆದಿದೆಯಾ? ಅದು ಕಟ್ಟಿಕೊಂಡಿದ್ದಾಗ ಬಲವಾದ ಪಂಪಿನಿಂದ ಎಳೆದರೆ ಟ್ಯಾಂಕಿನ ಗೋಡೆಗಳು ಒಳಕ್ಕೆ ಕುಸಿಯಬಹುದು. ಅದೇ ಸ್ಥಿತಿಯಲ್ಲಿ ತೊಳೆಯಲು ಹೋಸಿನಿಂದ ನೀರು ತುಂಬಿಸಿದರೆ ಉಲ್ಟಾ, ಟ್ಯಾಂಕು ಉಬ್ಬಿ ಬಿರಿಯುತ್ತದೆ. ಹೀರಿಸಿದ ಮೇಲೆ ಸ್ವಲ್ಪ ನೀರು ಬಿಟ್ಟು ಮತ್ತೆ ಹೀರಿಸಿ. ಸೀಟಿನ ಕೆಳಗೇ ಟ್ಯಾಂಕಿರುವ, ನೀರು ಕಡಿಮೆ ಬಳಸುವ ವ್ಯವಸ್ಥೆಗಳಲ್ಲಿ ಇದು ತುಂಬಾ ಮುಖ್ಯ. ಇಲ್ಲದಿದ್ದರೆ ಬೀಳುವ ಜಾಗದಲ್ಲೇ ಗುಪ್ಪೆ ಬೆಳೆದು ಗಟ್ಟಿಯಾಗುತ್ತದೆ, ಟ್ಯಾಂಕು ಮುಕ್ಕಾಲು ಖಾಲಿ ಇದ್ದರೂ ತುಂಬಿದ ಹಾಗೆ ಆಡುತ್ತದೆ. ಪ್ರತಿ ಸಲ ಹೀರಿಸಿದ ಮೇಲೆ ಒಂದು ಬಕೆಟ್ ನೀರು ತಳದಲ್ಲಿ ಉಳಿಸಿ ಶುರು ಮಾಡಿದರೆ ಈ ಕಾಟ ಬರುವುದಿಲ್ಲ.

ಈಗ ವಾಸನೆಯ ವಿಷಯ. ಟ್ಯಾಂಕಿನ ಟಾಯ್ಲೆಟ್ ಅಂದರೆ ನಾರುತ್ತದೆ ಅಂತ ಬಹಳ ಜನ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಗೇನೂ ಆಗಲೇಬೇಕೆಂದಿಲ್ಲ. ಗಾಳಿ ಸಿಗುವ ಕಡೆ ಬದುಕುವ ಬ್ಯಾಕ್ಟೀರಿಯಾ ಕೆಲಸ ಮಾಡಿದರೆ ಗಬ್ಬು ಅನಿಲ ಹುಟ್ಟುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವವು ಮೇಲುಗೈ ಸಾಧಿಸಿದರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಮೀಥೇನ್. ಆದ್ದರಿಂದ ಗಾಳಿಪೈಪು ಎಷ್ಟು ದಪ್ಪ, ಎಷ್ಟು ಗಿಡ್ಡ, ಎಷ್ಟು ನೇರ ಇದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಎಷ್ಟೋ ದೋಣಿಗಳಲ್ಲಿ 16 ಅಥವಾ 19 ಮಿ.ಮೀ. ಪೈಪು ಹಾವಿನ ಹಾಗೆ ಸುತ್ತಿಕೊಂಡು ಹೋಗಿರುತ್ತದೆ. ಅದನ್ನು ಕಿತ್ತು 25 ಇಲ್ಲವೇ 38 ಮಿ.ಮೀ. ಹಾಕಿ, ಸಾಧ್ಯವಾದರೆ ಎರಡು ಕಡೆಯಿಂದ ಎರಡು ಪೈಪು ಕೊಡಿ. ಅಂಗಡಿಯ ಯಾವ ಬಾಟಲಿಯೂ ಮಾಡದ ಕೆಲಸ ಇದು ಮಾಡುತ್ತದೆ. ಬ್ಲೀಚ್ ಸುರಿಯುವವರು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಾರೆ, ರಬ್ಬರ್ ಭಾಗಗಳನ್ನೂ ಹಾಳು ಮಾಡುತ್ತಾರೆ.

ಟ್ಯಾಂಕು ಸರಿಯಿದ್ದೂ ನಾರುತ್ತಿದ್ದರೆ ಹೋಸನ್ನು ಅನುಮಾನಿಸಿ. ಹಳೆಯ ಹೋಸು ಸೋರದೆಯೂ ವಾಸನೆ ಬಿಡುತ್ತದೆ, ರಬ್ಬರಿನ ಮೂಲಕವೇ ಹೊರಗೆ ಬರುತ್ತದೆ. ಪರೀಕ್ಷೆ ಸುಲಭ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಹೋಸಿನ ಮೇಲೆ ಸುತ್ತಿಡಿ, ತಣ್ಣಗಾದ ಮೇಲೆ ಬಟ್ಟೆಯನ್ನು ದೂರ ಒಯ್ದು ಮೂಸಿ. ಬಟ್ಟೆ ನಾರಿದರೆ ಹೋಸು ಬದಲಿಸಬೇಕು, ಬೇರೆ ದಾರಿಯಿಲ್ಲ. ಸಮುದ್ರದ ನೀರಿನಲ್ಲಿ ಫ್ಲಶ್ ಮಾಡುವ ದೋಣಿಗಳಲ್ಲಿ ಇನ್ನೊಂದು ಮೂಲವಿದೆ. ಒಳಗೆ ನೀರು ತರುವ ಪೈಪಿನಲ್ಲಿ ನಿಂತ ನೀರಿನಲ್ಲಿ ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ. ಕೆಲವು ದಿನ ಬಿಟ್ಟು ಬಂದು ಮೊದಲ ಸಲ ಪಂಪ್ ಹೊಡೆದಾಗ ಬರುವ ಗಬ್ಬು ಅದೇ, ನಿಮ್ಮ ಟ್ಯಾಂಕಿನದಲ್ಲ. ಸಿಹಿನೀರಿನ ಫ್ಲಶ್‌ಗೆ ಬದಲಾಯಿಸಿದರೆ ಅದು ನಿಲ್ಲುತ್ತದೆ. ಆದರೆ ಕುಡಿಯುವ ನೀರಿನ ಪೈಪಿಗೆ ಟಾಯ್ಲೆಟ್ಟನ್ನು ನೇರವಾಗಿ ಜೋಡಿಸಬೇಡಿ. ಅದಕ್ಕೆಂದೇ ಮಾಡಿದ ಮಾದರಿ ತಗೊಳ್ಳಿ, ಇಲ್ಲವೇ ಮಗ್ಗಿನಲ್ಲಿ ಹಾಕಿ.

ಸಮುದ್ರದ ನೀರು, ಮೂತ್ರ ಎರಡೂ ಸೇರಿದರೆ ಹೋಸಿನೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ವರ್ಷ ಕಳೆದಂತೆ ದಾರಿ ಕಿರಿದಾಗಿ ಬೆರಳು ತೂರುವಷ್ಟೇ ಉಳಿಯುತ್ತದೆ. ವಾರಕ್ಕೊಮ್ಮೆ ವಿನೆಗರ್ ಹಾಕಿ ರಾತ್ರಿ ಬಿಡುವುದು ಒಳ್ಳೆಯ ಅಭ್ಯಾಸ. ಪದರ ಆಗಲೇ ಕಟ್ಟಿದ್ದರೆ ಹೋಸು ಬಿಚ್ಚಿ ಹೊರಗೆ ಒಯ್ದು ನೆಲಕ್ಕೆ ಬಡಿಯುತ್ತಾರೆ, ಚೂರು ಚೂರಾಗಿ ಉದುರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾತ್ರ ಆಗುತ್ತದೆ. ಒಂದು ಎಚ್ಚರಿಕೆ: ವಿನೆಗರ್ ಅಥವಾ ಬೇರೆ ಯಾವುದೇ ಆಮ್ಲ ಹಾಕಿದ ಕಡೆ ಬ್ಲೀಚ್ ಹಾಕಲೇಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯೇ ಇಲ್ಲದ ಆ ಸಣ್ಣ ಗೂಡಿನಲ್ಲಿ ಅದು ಆಟದ ಮಾತಲ್ಲ.

ಕೈಪಂಪಿನ ಹಿಂದೆ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ವಾಲ್ವು ಇರುತ್ತದೆ, ಜೋಕರ್ ವಾಲ್ವು ಅನ್ನುತ್ತಾರೆ. ಫ್ಲಶ್ ಮಾಡಿದ ಮೇಲೂ ಬೇಸಿನ್ನಿಗೆ ಕೊಳಕು ನೀರು ವಾಪಸ್ ಬಂದರೆ ಅದು ಸವೆದಿದೆ ಅಂತ ಅರ್ಥ. ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಿಬಿಡಿ, ಕೆಟ್ಟ ಮೇಲೆ ಬದಲಿಸುವುದಕ್ಕಿಂತ ಸ್ವಚ್ಛವಾಗಿದ್ದಾಗ ಬದಲಿಸುವುದೇ ವಾಸಿ. ಬೇಸಿನ್ನಿಗೆ ಕಾಗದ ಹಾಕುವುದಿದ್ದರೆ ಮೊದಲು ಅದೇ ಕಾಗದವನ್ನು ಗಾಜಿನ ಲೋಟದ ನೀರಿನಲ್ಲಿ ಕಲಕಿ ನೋಡಿ. ಪುಡಿಪುಡಿಯಾದರೆ ಸರಿ. ಒದ್ದೆ ವೈಪ್ಸ್ ಯಾವತ್ತೂ ಬೇಡ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಒಣ ಟಾಯ್ಲೆಟ್

ಇದರ ಮೇಲೆ ಪ್ರೀತಿ ಇರುವವರಿಗೆ ಅತಿ ಪ್ರೀತಿ, ಆಗದವರಿಗೆ ಆಗುವುದೇ ಇಲ್ಲ. ಸೀಟಿನ ಮುಂಭಾಗದಿಂದ ಮೂತ್ರ ಬಾಟಲಿಗೆ, ಹಿಂಭಾಗದಿಂದ ಮಲ ಬೇರೆ ಪೆಟ್ಟಿಗೆಗೆ. ಪೆಟ್ಟಿಗೆಯಲ್ಲಿ ತೆಂಗಿನ ನಾರಿನ ಪುಡಿಯೋ ಮರದ ಹೊಟ್ಟೋ ಇರುತ್ತದೆ, ಹಿಡಿಕೆ ತಿರುಗಿಸಿ ಕಲಸಬೇಕು. ಒಂದು ಪುಟ್ಟ 12 ವೋಲ್ಟಿನ ಫ್ಯಾನು ಹಗಲೂ ರಾತ್ರಿ ಗಾಳಿಯನ್ನು ಹೊರಗೆ ಎಳೆಯುತ್ತಿರುತ್ತದೆ. ಮಲ ಮೂತ್ರ ಎರಡೂ ಬೆರೆಯದಿದ್ದರೆ ನಾತ ಇರುವುದಿಲ್ಲ. ಒಣ ಮಣ್ಣಿನ ವಾಸನೆ ಬರುತ್ತದೆ, ಅಷ್ಟೇ. ನಂಬುವುದು ಕಷ್ಟ, ಆದರೆ ನಿಜ. ನೇಚರ್ಸ್ ಹೆಡ್, ಏರ್‌ಹೆಡ್ ಅನ್ನುವವು ದೋಣಿಯವರಿಗೆ ಪರಿಚಿತ ಹೆಸರುಗಳು.

ಫ್ಲಶ್ ನೀರೇ ಇಲ್ಲ. ಆದ್ದರಿಂದ ಮಲದ ಪೆಟ್ಟಿಗೆ ಇಬ್ಬರಿಗೆ ಎರಡು ಮೂರು ವಾರ ಬರುತ್ತದೆ. ಮೂತ್ರದ ಬಾಟಲಿ ಮಾತ್ರ ಎರಡು ಮೂರು ದಿನಕ್ಕೊಮ್ಮೆ ತುಂಬುತ್ತದೆ. ಇದನ್ನು ಮಾರುವವರು ಮೊದಲನೆಯದನ್ನು ಜೋರಾಗಿ ಹೇಳಿ ಎರಡನೆಯದನ್ನು ಮೆಲ್ಲಗೆ ಹೇಳುತ್ತಾರೆ. ಬಾಟಲಿಗೆ ಸ್ವಲ್ಪ ವಿನೆಗರ್ ಹಾಕಿಟ್ಟರೆ ಅಮೋನಿಯಾ ವಾಸನೆ ತಡವಾಗಿ ಏಳುತ್ತದೆ. ಎರಡು ಬಾಟಲಿ ಇರಲಿ.

ತೊಳೆದುಕೊಳ್ಳುವ ನೀರಿನ ತಲೆನೋವು ಇಲ್ಲೇ. ಪೆಟ್ಟಿಗೆಗೆ ನೀರು ಬಿದ್ದರೆ ಒಣಗುವುದು ನಿಂತು ಕೆಸರಾಗುತ್ತದೆ, ಆಮೇಲೆ ನೊಣ, ನಾತ, ಎಲ್ಲ. ನೀರು ಬಿಡಲಾರದವರು ಪಕ್ಕದಲ್ಲಿ ಬೇರೆ ಬಚ್ಚಲು ವ್ಯವಸ್ಥೆ ಮಾಡಿಕೊಂಡು ಆ ನೀರನ್ನೂ ಬೇರೆ ಹಿಡಿದಿಡಬೇಕು. ಹಾಗೆ ಮಾಡುವ ಹಟ ಇಲ್ಲದಿದ್ದರೆ ಇದು ನಿಮಗಲ್ಲ, ನೇರವಾಗಿ ಹೇಳುತ್ತಿದ್ದೇನೆ.

ಕಾಂಪೋಸ್ಟ್ ಅನ್ನುವ ಹೆಸರನ್ನೂ ಪೂರ್ತಿ ನಂಬಬೇಡಿ. ಮೂರು ವಾರಕ್ಕೆ ಗೊಬ್ಬರ ಆಗುವುದಿಲ್ಲ, ಒಣಗಿರುತ್ತದೆ ಅಷ್ಟೇ. ಜಂತುಹುಳದ ಮೊಟ್ಟೆಗಳು ಅದರಲ್ಲಿ ಜೀವಂತ ಉಳಿಯುತ್ತವೆ. ಒಣಗಿದ ಮಲವನ್ನು 20 ಡಿಗ್ರಿಗಿಂತ ತಣ್ಣಗಿನ ಕಡೆ ಒಂದೂವರೆಯಿಂದ ಎರಡು ವರ್ಷ, ಬೆಚ್ಚಗಿನ ಕಡೆ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟ ಮೇಲೆ ಬಳಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ಅಷ್ಟು ದಿನ ಇಡಲು ದೋಣಿಯಲ್ಲಿ ಜಾಗ ಎಲ್ಲಿದೆ? ಹಾಗಾಗಿ ದಡದಲ್ಲಿ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಚೀಲದಲ್ಲಿ ಕಟ್ಟಿ ಸಾಮಾನ್ಯ ಕಸದ ತೊಟ್ಟಿಗೆ ಹಾಕಿದರಾಯಿತು ಅಂದುಕೊಂಡವರಿಗೆ ಬ್ರಿಟನ್ನಿನ ಕಾಲುವೆಗಳಲ್ಲಿ ತೊಡಕಾಯಿತು. ಅಲ್ಲಿನ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ 2021ರ ಕೊನೆಯಿಂದ ತನ್ನ ತೊಟ್ಟಿಗಳಿಗೆ ಅದನ್ನು ಹಾಕಬಾರದು ಅಂದಿತು. ಟಾಯ್ಲೆಟ್ ಚೆನ್ನಾಗಿಯೇ ಇತ್ತು, ಖಾಲಿ ಮಾಡುವ ಜಾಗ ಹೋಯಿತು.

ನೇರವಾಗಿ ಸಮುದ್ರಕ್ಕೆ

ಇದನ್ನು ಆಯ್ಕೆ ಅನ್ನುವುದಕ್ಕಿಂತ ದೂರ ಸಮುದ್ರಕ್ಕೆ ಹೋಗುವವರ ಪೂರಕ ವ್ಯವಸ್ಥೆ ಅನ್ನಬಹುದು. ಹಡಗುಗಳಿಗೆ ಅಂತಾರಾಷ್ಟ್ರೀಯ ನಿಯಮವಿದೆ, ಹಡಗುಗಳಿಂದ ಸಮುದ್ರ ಕೊಳೆಯಾಗದಂತೆ ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧ. 2003ರಿಂದ ಜಾರಿಯಲ್ಲಿದೆ. ಪುಡಿ ಮಾಡಿ ಸೋಂಕು ಕಳೆದ ಮಲವನ್ನು ದಡದಿಂದ 3 ನಾಟಿಕಲ್ ಮೈಲಿ ಆಚೆ, ಏನೂ ಮಾಡದ್ದನ್ನು 12 ನಾಟಿಕಲ್ ಮೈಲಿ ಆಚೆ, ಅದೂ ಒಂದೇ ಸಲ ಸುರಿಯದೆ, ಕನಿಷ್ಠ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ವೇಗದಲ್ಲಿ ಚಲಿಸುತ್ತಿರುವಾಗ ಬಿಡಬಹುದು. 12 ನಾಟಿಕಲ್ ಮೈಲಿ ಅಂದರೆ ಸುಮಾರು 22 ಕಿ.ಮೀ. ಇದು 400 ಗ್ರಾಸ್ ಟನ್ನೇಜಿನಿಂದ (ಹಡಗಿನ ಒಳಗಾತ್ರದ ಅಳತೆ) ಮೇಲಿನ ಅಥವಾ 15ಕ್ಕಿಂತ ಹೆಚ್ಚು ಜನರ ಹಡಗುಗಳಿಗೆ ಮಾಡಿದ್ದು. ಸಣ್ಣ ದೋಣಿಗಳಿಗೆ ಆಯಾ ದೇಶದ ನಿಯಮ. ಕೆರೆ, ನದಿ, ಕಾಲುವೆ, ಮುಚ್ಚಿದ ಕೊಲ್ಲಿ ಇಂಥ ಕಡೆ ನಿಯಮ ಇರಲಿ ಬಿಡಲಿ, ಬಿಡಬೇಡಿ. ನಾಳೆ ಬೆಳಿಗ್ಗೆ ಯಾರೋ ಅಲ್ಲೇ ಈಜುತ್ತಾರೆ.

ಈ ವ್ಯವಸ್ಥೆ ಇರುವ ದೋಣಿಯಲ್ಲಿ ನೋಡಬೇಕಾದದ್ದು ಸುರಕ್ಷತೆ. ಟಾಯ್ಲೆಟ್ಟು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಹೊರಗಿನ ನೀರು ಸೈಫನ್ ಆಗಿ ಒಳಗೆ ಹರಿಯುತ್ತಲೇ ಇರಬಹುದು. ದೋಣಿಗಳು ಹೀಗೆ ಮುಳುಗಿವೆ. ಪೈಪನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ, ದೋಣಿ ವಾಲಿದಾಗಲೂ ಮೇಲೇ ಉಳಿಯುವಷ್ಟು ಎತ್ತರಕ್ಕೆ ಬಳಸಿ ತಂದು, ಆ ಬಳಸಿನ ನೆತ್ತಿಯಲ್ಲಿ ಗಾಳಿಯನ್ನು ಒಳಗೆ ಬಿಡುವ ವಾಲ್ವು ಇಡುತ್ತಾರೆ. ಆ ವಾಲ್ವಿನಲ್ಲಿ ಉಪ್ಪು ಕಟ್ಟಿಕೊಂಡರೆ ಅದು ಇದ್ದೂ ಇಲ್ಲದ ಹಾಗೆ. ಆಗಾಗ ಬಿಚ್ಚಿ ತೊಳೆಯಿರಿ. ದೋಣಿ ಬಿಟ್ಟು ಹೋಗುವಾಗ ತಳದ ವಾಲ್ವುಗಳನ್ನು ಮುಚ್ಚಿ.

ಹಾಗಾದರೆ ಯಾರಿಗೆ ಯಾವುದು

ಶನಿವಾರ ಭಾನುವಾರ ಮಾತ್ರ ಹೋಗುವ ಇಬ್ಬರಿಗೆ ಕ್ಯಾಸೆಟ್ ಸಾಕು, ಬೇರೆ ಯಾವುದಕ್ಕೂ ಹಣ ಸುರಿಯಬೇಡಿ. ಮಕ್ಕಳು, ಅತಿಥಿಗಳು ಜಾಸ್ತಿ ಇರುವ, ದಡದ ಪಂಪು ಹತ್ತಿರದಲ್ಲಿರುವ ದೋಣಿಗೆ ಟ್ಯಾಂಕು. ಆದರೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ದೋಣಿ ಅಲ್ಲಾಡದ ಊರುಗಳಲ್ಲಿ ಟ್ಯಾಂಕನ್ನೇ ನಂಬಿದವರು ಸಿಕ್ಕಿಹಾಕಿಕೊಳ್ಳುತ್ತಾರೆ. ದೋಣಿಯನ್ನು ಪಂಪಿನ ಹತ್ತಿರ ಒಯ್ಯಲು ಆಗುವುದಿಲ್ಲ, ಟ್ಯಾಂಕನ್ನು ಹೊರಲು ಆಗುವುದಿಲ್ಲ. ಅಂಥವರು ಮೂಲೆಯಲ್ಲಿ ಒಂದು ಸಣ್ಣ ಪೋರ್ಟಬಲ್ ಟಾಯ್ಲೆಟ್ ಇಟ್ಟುಕೊಂಡಿರುತ್ತಾರೆ, ಅದೇ ಜಾಣತನ. ವರ್ಷಪೂರ್ತಿ ದೋಣಿಯಲ್ಲೇ ಇರುವವರು, ದೂರದ ಜಾಗಗಳಲ್ಲಿ ವಾರಗಟ್ಟಲೆ ಲಂಗರು ಹಾಕುವವರು, ಕೈ ಕೊಳೆಯಾದರೆ ಬೇಸರ ಪಡದವರು, ಜೊತೆಗೆ ಒಣಗಿದ್ದನ್ನು ಹಾಕಲು ದಡದಲ್ಲಿ ನಿಜವಾದ ಜಾಗ ಇರುವವರು ಒಣ ಟಾಯ್ಲೆಟ್ ತಗೊಳ್ಳಲಿ. ನಾನಾದರೆ ಮೊದಲು ಕ್ಯಾಸೆಟ್ ಹಾಕಿ ಒಂದು ಋತು ಕಳೆಯುತ್ತೇನೆ. ಅಷ್ಟರಲ್ಲಿ ಮನೆಯವರಲ್ಲಿ ಯಾರು ಸುರಿಯಲು ತಯಾರಿದ್ದಾರೆ, ಯಾರು ಅದೇ ಹೊತ್ತಿಗೆ ಫೋನ್ ಹಿಡಿದು ಮಾಯವಾಗುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ತಿಂಗಳುಗಟ್ಟಲೆ ದೋಣಿ ಬಿಟ್ಟು ಹೋಗುವಾಗ ಮೂರಕ್ಕೂ ಬೇರೆ ಬೇರೆ ಕೆಲಸ. ಕ್ಯಾಸೆಟ್ ತೊಳೆದು ಒಣಗಿಸಿ, ಜಾರುಬಾಗಿಲು ತೆರೆದಿಡಿ, ಮುಚ್ಚಿಟ್ಟರೆ ಸೀಲು ಅಂಟಿಕೊಳ್ಳುತ್ತದೆ. ಟ್ಯಾಂಕು ಹೀರಿಸಿ, ತೊಳೆದು, ಪಂಪಿನಿಂದಲೂ ಪೈಪಿನಿಂದಲೂ ನೀರು ತೆಗೆಯಿರಿ. ಹೆಪ್ಪುಗಟ್ಟುವ ಕಡೆಯಾದರೆ ವಿಷವಿಲ್ಲದ, ಪ್ರೊಪಿಲೀನ್ ಗ್ಲೈಕಾಲಿನ ಆಂಟಿಫ್ರೀಜ್ ಹಾಕಿ. ಒಣ ಟಾಯ್ಲೆಟ್ಟಿನಲ್ಲಿ ಮೂತ್ರದ ಬಾಟಲಿಯನ್ನು ಮರೆಯಬೇಡಿ, ಪೆಟ್ಟಿಗೆಯನ್ನೂ ಖಾಲಿ ಮಾಡಿಯೇ ಹೊರಡಿ, ಮತ್ತು ಗಾಳಿಪೈಪಿನ ಬಾಯಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ನೊಣಗಳು ಒಳಗೆ ಸಂಸಾರ ಹೂಡುತ್ತವೆ. ಟ್ಯಾಂಕಿನ ಮುಚ್ಚಳ ಬಿಚ್ಚುವ ಯಾವುದೇ ಕೆಲಸವಿದ್ದರೆ ಎಲ್ಲ ಕಿಟಕಿ ತೆರೆದು, ಬೆಂಕಿ ಆರಿಸಿ, ಇನ್ನೊಬ್ಬರನ್ನು ಮೇಲೆ ನಿಲ್ಲಿಸಿಕೊಂಡೇ ಮಾಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯದ ಹಾಗೆ ಮಾಡುತ್ತದೆ, ಆದ್ದರಿಂದ ನಾತ ನಿಂತಿತು ಅಂತ ಒಳಗೆ ತಲೆ ಹಾಕಬೇಡಿ.